ಆರನ್ನು ಎಂಟೆಂದು ಎಣಿಸಿದವರು

ನಮ್ಮ ಮೇಷ್ಟ್ರು ತೀರಿಕೊಂಡು ಎರಡು ತಿಂಗಳಾಯಿತು. ಮಳವಳ್ಳಿಯಲ್ಲಿ ಅವರ ಕೈಕೆಳಗೆ ಗಣಿತ ಕಲಿತ ಅಪ್ಪಂದಿರೂ ಆ ಅಪ್ಪಂದಿರ ಮಕ್ಕಳೂ ಸೇರಿ ಸ್ಮರಣ ಸಂಚಿಕೆಯೊಂದನ್ನು ತರುತ್ತಿದ್ದಾರೆ. ನನ್ನನ್ನೂ ಕೇಳಿದರು. “ಎರಡು ಒಳ್ಳೇ ಮಾತು ಬರ್ಕೊಡಪ್ಪ, ನೀನಾದ್ರೆ ಚೆಂದಾಗ್ ಬರೀತೀಯ” ಎಂದರು. ಆಗುವುದಿಲ್ಲ ಎಂದೆ. ಒಳ್ಳೆಯ ಮಾತಿಗೆ ಬರವಿತ್ತೆಂದಲ್ಲ. ಎರಡೇಕೆ, ಇಪ್ಪತ್ತು ಬರೆಯಬಹುದಿತ್ತು. ಆದರೆ ಆ ಇಪ್ಪತ್ತನ್ನು ಬರೆದು ಕೇಳಬೇಕಾದ ಒಂದೇ ಒಂದು ಪ್ರಶ್ನೆಯನ್ನು ನುಂಗಿಕೊಳ್ಳುವುದು ನನ್ನಿಂದಾಗದ ಕೆಲಸ. ಸತ್ತವರ ಬಗ್ಗೆ ಹಾಗೆಲ್ಲ ಮಾತಾಡಬಾರದೆಂದು ಹೇಳಿದ ಹಿರಿಯರಿಗೆ ನನ್ನ ಉತ್ತರ ಇಷ್ಟೇ: ಅವರು ಬದುಕಿದ್ದಾಗಲೂ ನಾನು ಇದನ್ನೇ ಕೇಳಿದ್ದೆ, ಎದುರಿಗೆ ನಿಂತು, ಏರಿದ ದನಿಯಲ್ಲಿ.

ಒಳ್ಳೆಯದನ್ನು ಮೊದಲು ಹೇಳಿ ಮುಗಿಸುತ್ತೇನೆ. ಅವರ ತರಗತಿಯಲ್ಲಿ ‘ಸುಮಾರು’ ಎಂಬ ಪದಕ್ಕೆ ಪ್ರವೇಶವಿರಲಿಲ್ಲ. ಬೋರ್ಡಿನ ಮುಂದೆ ನಿಂತು “ಸುಮಾರು ಹದಿನೆಂಟು, ಸಾರ್” ಎಂದ ನನ್ನ ಕಿವಿಯನ್ನು ಅವರು ಹಿಂಡಲಿಲ್ಲ. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು, ಬಹಳ ಮರ್ಯಾದೆಯಿಂದ ಕೇಳಿದರು: “ಸುಮಾರು ಅನ್ನೋ ಊರು ಯಾವ ತಾಲ್ಲೂಕಿನಲ್ಲಿದೆಯಯ್ಯಾ? ಮಳವಳ್ಳಿಯಿಂದ ಬಸ್ಸಿದೆಯೋ, ನಡೆದೇ ಹೋಗಬೇಕೋ?” ಉತ್ತರ ಸರಿಯಿದ್ದು ನಡುವಿನ ಒಂದು ಹೆಜ್ಜೆ ತಪ್ಪಿದ್ದರೆ ಅಂಕ ಕಳೆಯುತ್ತಿದ್ದರು. ತಪ್ಪು ದಾರಿಯಲ್ಲಿ ಸರಿಯಾದ ಮನೆಗೆ ಬಂದವನು ಕಳ್ಳನೋ ಕುರುಡನೋ ಆಗಿರಬೇಕು ಎನ್ನುವುದು ಅವರ ಮಾತು. ಶಾಲೆಯ ಸೈಕ್ಲೋಸ್ಟೈಲ್ ಯಂತ್ರವನ್ನು ತಮ್ಮ ಸ್ವಂತ ಕೆಲಸಕ್ಕೆ ಬಳಸಿದ ದಿನ ಕಾಗದವನ್ನೂ ಶಾಯಿಯನ್ನೂ ಮನೆಯಿಂದ ತಂದಿದ್ದರು. ಯಂತ್ರವನ್ನು ಎಷ್ಟು ಸಲ ತಿರುಗಿಸಿದೆನೆಂದು ಹೆಡ್‌ಮಾಸ್ತರರಿಗೆ ಚೀಟಿ ಬರೆದುಕೊಟ್ಟಿದ್ದರು. ಇಂಥ ಮನುಷ್ಯ.

ಆ ಸ್ವಂತ ಕೆಲಸವೇ ಜಾತಕ.

ಅವರ ತಂದೆ ಪುರೋಹಿತರು. ತಂದೆಯ ಪಂಚಾಂಗವನ್ನು ತಾವು ಒಂದು ದಿನವೂ ಮುಟ್ಟಲಿಲ್ಲವೆಂದು ಅವರು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು. “ಅದು ಗಿಳಿಪಾಠ, ಅದರಲ್ಲಿ ಕೋನ ಇಲ್ಲ, ಡಿಗ್ರಿ ಇಲ್ಲ” ಎನ್ನುವುದು ಅವರ ಆಕ್ಷೇಪ. ನಲವತ್ತು ದಾಟಿದ ಮೇಲೆ ಇಂಗ್ಲೆಂಡಿನಿಂದ ಅಂಚೆಯ ಮೂಲಕ ಪಶ್ಚಿಮದ ಜ್ಯೋತಿಷ ಕಲಿತರು. ಹಡಗಿನಲ್ಲಿ ಪಾಠಗಳು ಬರುತ್ತಿದ್ದವು, ಹಡಗಿನಲ್ಲಿ ಉತ್ತರಗಳು ಹೋಗುತ್ತಿದ್ದವು. ಕೊನೆಗೆ ಕೆಂಪು ಮುದ್ರೆಯ ಒಂದು ಪ್ರಮಾಣಪತ್ರ ಬಂತು. ನಡುಮನೆಯಲ್ಲಿ, ತಂದೆಯ ಭಾವಚಿತ್ರದ ಪಕ್ಕದಲ್ಲಿ, ಅದಕ್ಕಿಂತ ಒಂದು ಗೇಣು ಮೇಲೆ ಅದನ್ನು ತೂಗುಹಾಕಿದರು. ನಮ್ಮವರು ಜಾತಕವನ್ನು ಚೌಕದಲ್ಲಿ ಬರೆದರೆ ಪಶ್ಚಿಮದವರು ವೃತ್ತದಲ್ಲಿ ಬರೆಯುತ್ತಾರೆ. ಮೇಷ್ಟ್ರು ಕೋಟಿನ ಜೇಬಿನಿಂದ ಕೈವಾರ ತೆಗೆದು, ವೃತ್ತ ಎಳೆದು, ಹನ್ನೆರಡು ಅರೆಕಾಲುಗಳನ್ನು ಹಾಕುವುದನ್ನು ನೋಡಿದ ಜನ ಅವರಿಗೆ ‘ಗಾಲಿ ಮೇಷ್ಟ್ರು’ ಎಂದು ಹೆಸರಿಟ್ಟರು. ಪ್ರತಿಸಲ ಎಳೆಯುವ ಶ್ರಮ ಬೇಡವೆಂದು ಮನೆಗಳಿಗೆ ಒಂದರಿಂದ ಹನ್ನೆರಡರವರೆಗೆ ಅಂಕಿ ಹಾಕಿದ ಗಾಲಿಯ ಫಾರಂಗಳನ್ನು ಅಚ್ಚುಮಾಡಿಟ್ಟುಕೊಂಡರು. ಸೈಕ್ಲೋಸ್ಟೈಲ್ ತಿರುಗಿದ್ದು ಅದಕ್ಕೆ.

ಭಾನುವಾರ ಅವರ ಜಗಲಿಯ ಮೇಲೆ ಜನ. ಒಂದು ತೆಂಗಿನಕಾಯಿಯನ್ನೂ ಮುಟ್ಟುತ್ತಿರಲಿಲ್ಲ. ಇಟ್ಟವರ ಕೈಗೇ ವಾಪಸು ಇಡುತ್ತಿದ್ದರು. ಆದರೆ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ಇಂಗ್ಲೆಂಡಿನ ಪಾಠದ ಪ್ರಕಾರ ಹುಟ್ಟಿದ ಹೊತ್ತು ನಿಮಿಷದ ಮಟ್ಟಕ್ಕೆ ಬೇಕು. ನಮ್ಮವ್ವನನ್ನು ಅವರು ವಿಚಾರಿಸಿದ ಪರಿ ನನಗೆ ಚೆನ್ನಾಗಿ ನೆನಪಿದೆ.

“ನಿನ್ನ ಮಗ ಹುಟ್ಟಿದ್ದು ಎಷ್ಟು ಹೊತ್ತಿಗೆ ತಾಯಿ?”

“ಆಲೆಮನೇಲಿ ಕೊಪ್ಪರಿಗೆ ಇಳುಸೋ ಹೊತ್ತು, ಮೇಷ್ಟ್ರೇ.”

“ಕೊಪ್ಪರಿಗೆ ಇಳಿಸಿದ್ದು ಎಷ್ಟು ಗಂಟೆಗೆ?”

“ಬೆಲ್ಲ ಬೆಂದ್ಮೇಲೆ ಇಳುಸುದ್ರು.”

“ಬೆಲ್ಲ ಬೆಂದಿದ್ದು ಎಷ್ಟು ಗಂಟೆಗೆ?”

“ಅಯ್ಯೋ, ಬೆಲ್ಲುಕ್ಕೂ ಜಾತಕ ಬರೀತೀರಾ?”

ಜಗಲಿಯೆಲ್ಲ ನಕ್ಕಿತು. ಅವರು ನಗಲಿಲ್ಲ. ನನ್ನ ಹುಟ್ಟಿದ ದಿನವನ್ನು ನೋಡಿ ‘ಸಿಂಹ’ ಎಂದು ಬರೆದರು. “ಇವುಂದು ಕಟಕ ರಾಸಿ ಅಂತ ನಮ್ ಜೋಯಿಸ್ರು ಯೋಳವ್ರಲ್ಲ?” ಎಂದು ಅವ್ವ ಕೇಳಿದಾಗ, ಆ ಜೋಯಿಸರು ಚಂದ್ರನನ್ನು ಹಿಡಿದು ಹೇಳಿದ್ದು, ತಾವು ಸೂರ್ಯನನ್ನು ಹಿಡಿದು ಹೇಳುತ್ತಿರುವುದು, ಅದೂ ಬೇರೆ ಆಕಾಶದಿಂದ, ಎಂದು ಅರ್ಧ ಗಂಟೆ ವಿವರಿಸಿದರು. ಇದರ ಮೇಲೆ ಯುರೇನಸ್, ನೆಪ್ಚೂನ್, ಪ್ಲೂಟೋ. ಹಾದಿಯುದ್ದಕ್ಕೂ ಅವ್ವ ಗೊಣಗಿದಳು: “ಇರೋ ಒಂಬತ್ತನ್ನೇ ತಡ್ಕಳಕಾಯ್ತಿಲ್ಲ, ಬಿಳೀ ದೊರೆಗಳು ಇನ್ನೂ ಮೂರು ತಂದ್ಮಡಗವ್ರೆ.”

ನಾನು ಇವೆಲ್ಲವನ್ನೂ ತಮಾಷೆಯಾಗಿಯೇ ಕಂಡಿದ್ದೆ. ಮೈಸೂರಿನಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದ ಆ ಬೇಸಿಗೆಯಲ್ಲಿ ತಮಾಷೆ ನಮ್ಮ ಮನೆಯ ಬಾಗಿಲಿಗೇ ಬಂತು.

ಅಕ್ಕನಿಗೆ ಆಗ ಇಪ್ಪತ್ತನಾಲ್ಕು. ಟೀಚರ್ ಟ್ರೈನಿಂಗ್ ಮುಗಿಸಿ ಮದ್ದೂರಿನ ಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದಳು; ನಮ್ಮ ವಂಶದಲ್ಲಿ ಸಂಬಳದ ರಿಜಿಸ್ಟರಿಗೆ ಸಹಿ ಹಾಕಿದ ಮೊದಲ ಹೆಣ್ಣು. ಸೋಮನಹಳ್ಳಿಯ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ, ಭತ್ತದ ತಳಿಗಳ ವಿಭಾಗದಲ್ಲಿ ಕೆಲಸಕ್ಕಿದ್ದ. ನೋಡಲು ಬಂದವನು ಅಕ್ಕನನ್ನು ಹಾಡು ಬರುತ್ತದೆಯೇ ಎಂದು ಕೇಳದೆ, ಒಂದನೇ ತರಗತಿಯ ಮಕ್ಕಳಿಗೆ ಕಳೆಯುವ ಲೆಕ್ಕ ಕಲಿಸುವುದು ಕಷ್ಟವೋ ಕೂಡುವುದು ಕಷ್ಟವೋ ಎಂದು ಕೇಳಿದನಂತೆ. ಅಕ್ಕ ಅದನ್ನು ನನಗೆ ಮೂರು ಸಲ ಹೇಳಿದಳು. ಮೂರನೆಯ ಸಲ ಹೇಳುವಾಗ ಅವಳ ಮುಖದಲ್ಲಿ ಏನಿತ್ತೆಂಬುದು ನನಗೆ ಗೊತ್ತು. ಆದುದರಿಂದಲೇ ಇಷ್ಟು ರೇಗುತ್ತದೆ.

ಹುಡುಗನ ತಂದೆ ಜಾತಕ ಕೇಳಿದರು. ನಮ್ಮೂರಿನ ಜೋಯಿಸರು ಎಂದೋ ಬರೆದುಕೊಟ್ಟಿದ್ದ, ಮೂಲೆಗೆ ಅರಿಸಿನ ಹತ್ತಿದ ಕಾಗದವನ್ನು ಅಪ್ಪ ಕೊಟ್ಟರು. ಆ ಜೋಯಿಸರು ಹೋಗಿ ವರ್ಷಗಳಾಗಿದ್ದವು. ಹುಡುಗನ ತಂದೆ ಅದನ್ನು ಹಿಡಿದು ನೇರವಾಗಿ ಮಳವಳ್ಳಿಗೆ, ಗಾಲಿ ಮೇಷ್ಟ್ರ ಜಗಲಿಗೆ ಹೋದರು. ಕಾಸು ಮುಟ್ಟದವರ ಮಾತಿಗೆ ಬೆಲೆ ಹೆಚ್ಚು. ಮೇಷ್ಟ್ರು ಫಾರಂ ತೆಗೆದು ಗ್ರಹಗಳನ್ನು ತುಂಬಿದರು, ಎಣಿಸಿದರು, ಕನ್ನಡಕ ತೆಗೆದರು. “ಕುಜ ಎಂಟರಲ್ಲಿದ್ದಾನೆ. ನಾನು ಸುಳ್ಳು ಹೇಳಲಾರೆ” ಎಂದರಂತೆ.

ಹೆಣ್ಣಿನ ಜಾತಕದಲ್ಲಿ ಎಂಟನೆಯದು ಮಾಂಗಲ್ಯದ ಮನೆ. ಅಲ್ಲಿ ಕುಜನಿದ್ದರೆ ಗಂಡನ ಆಯಸ್ಸಿಗೆ ಕುತ್ತೆಂದು ನಂಬಿಕೆ. ಸಂಬಂಧ ಮುರಿಯಿತೆಂದು ಯಾರೂ ಹೇಳಿಕಳಿಸಲಿಲ್ಲ. ಬರುತ್ತೇವೆಂದವರು ಬರಲಿಲ್ಲ, ಅಷ್ಟೆ.

ಅವ್ವ ನನ್ನನ್ನು ಕರೆದುಕೊಂಡು ಜಗಲಿಗೆ ಹೋದಳು. ಶಾಂತಿ ಗೀಂತಿ ಏನಾದರೂ ಇದೆಯೇ ಎಂದು ಕೇಳುವುದಷ್ಟೇ ಅವಳ ಉದ್ದೇಶ. ಮೇಷ್ಟ್ರು ತಾಳ್ಮೆಯಿಂದ ಅಕ್ಕನ ಫಾರಂ ತೆಗೆದು, ಬೆರಳಿಟ್ಟು, ಒಂದೊಂದೇ ಮನೆಯನ್ನು ತೋರಿಸುತ್ತಾ ಬಂದರು. “ಇದು ಲಗ್ನ, ಒಂದು. ಇದು ಎರಡು. ಇದು ಮೂರು...” ಅವ್ವನಿಗೆ ಅಕ್ಷರ ಬಾರದು. ಅವಳು ಅಂಕಿ ನೋಡುತ್ತಿರಲಿಲ್ಲ, ಬೆರಳು ನೋಡುತ್ತಿದ್ದಳು.

“ಮೇಷ್ಟ್ರೇ, ಎಡುಕ್ ಸುತ್ತಾ ಇದ್ದೀರಲ್ಲಾ?”

“ಏನು ತಾಯಿ?”

“ದೇವ್ರನ್ನ ಬಲುಕ್ ಸುತ್ತುಬೇಕು. ಇದು ಹೆಣ ಸುತ್ತೋ ಸುತ್ತಲ್ವಾ? ನಮ್ ಜೋಯಿಸ್ರು ಕಾಗ್ದುದ್ ಮ್ಯಾಲೆ ಬಲುಕ್ ಎಣುಸ್ತಿದ್ರು. ನಾನ್ ಕಂಡಿವ್ನಿ.”

ಬೆರಳು ಐದನೆಯ ಮನೆಯ ಮೇಲೆ ನಿಂತಿತು. ನಾನು ಅವರ ಮುಖ ನೋಡಿದೆ. ಒಂದು ಲೆಕ್ಕದ ಕೊನೆಯ ಸಾಲಿಗೆ ಬಂದವನಿಗೆ ಮೊದಲ ಸಾಲಿನ ತಪ್ಪು ಕಣ್ಣಿಗೆ ಬಿದ್ದಾಗ ಆಗುವ ಮುಖ ಅದು. ಅವರ ತರಗತಿಯಲ್ಲಿ ಅದನ್ನು ನಾನು ನನ್ನ ಮೇಲೆಯೇ ಬೇಕಾದಷ್ಟು ಸಲ ಅನುಭವಿಸಿದ್ದೇನೆ. ಅವರಿಗೆ ಆ ಗಳಿಗೆಯಲ್ಲೇ ತಿಳಿಯಿತು. ಇದನ್ನು ನಾನು ಪ್ರಮಾಣಮಾಡಿ ಹೇಳಬಲ್ಲೆ.

“ಇದು ಪಾಶ್ಚಾತ್ಯ ಪದ್ಧತಿ ತಾಯಿ. ಅಲ್ಲಿ ಎಣಿಕೆ ಹೀಗೇ” ಎಂದರು.

ಸುಳ್ಳಲ್ಲ. ಪಶ್ಚಿಮದ ಗಾಲಿಯಲ್ಲಿ ಮನೆಗಳನ್ನು ಎಡಕ್ಕೇ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿಯೇ ಎಣಿಸುತ್ತಾರೆ. ನಮ್ಮ ಚೌಕದಲ್ಲಿ ಎಣಿಕೆ ಬಲಕ್ಕೆ. ಮೇಷ್ಟ್ರು ಮಾಡುತ್ತಿದ್ದುದೇನೆಂದರೆ, ಚೌಕದಲ್ಲಿದ್ದ ಗ್ರಹಗಳನ್ನು ಬಲಸುತ್ತಿನಲ್ಲಿದ್ದ ಹಾಗೆಯೇ ತಂದು ಗಾಲಿಯೊಳಗೆ ಕೂರಿಸುವುದು. ಆಮೇಲೆ ಗಾಲಿಯಲ್ಲಿ ಎಡಸುತ್ತಾಗಿ ಅಚ್ಚಾಗಿದ್ದ ಅಂಕಿಗಳನ್ನು ಓದುವುದು. ಇಡೀ ಜಾತಕ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಹೋಗುತ್ತಿತ್ತು. ಅಕ್ಕನ ಕಾಗದದಲ್ಲಿ ಲಗ್ನ ಮೇಲಿನ ಎಡಮೂಲೆಯಲ್ಲಿ, ಕುಜ ಬಲಸಾಲಿನ ಮೂರನೆಯ ಮನೆಯಲ್ಲಿ. ಬಲಕ್ಕೆ ಎಣಿಸಿದರೆ ಆರು, ಎಡಕ್ಕೆ ಎಣಿಸಿದರೆ ಎಂಟು. ಆರರಲ್ಲಿ ಕುಜನಿದ್ದರೆ ಶತ್ರುನಾಶ, ಧೈರ್ಯ, ಬಲು ಒಳ್ಳೆಯದು ಎನ್ನುತ್ತದೆ ಅದೇ ಶಾಸ್ತ್ರ.

ಇಷ್ಟು ವರ್ಷ ಯಾರಿಗೂ ಇದು ಗೊತ್ತಾಗಲಿಲ್ಲವೇಕೆ? ಮದುವೆಯ ಮಾತು ಬಂದಾಗ ಎಲ್ಲರೂ ಮೊದಲು ನೋಡುವುದು ಏಳನೆಯ ಮನೆ. ಅದು ಲಗ್ನದ ಎದುರಿಗಿರುವ ಮನೆ. ಯಾವ ಕಡೆಯಿಂದ ಎಣಿಸಿದರೂ ಏಳೇ. ಉಳಿದವರು ಎಣಿಸಿದ್ದಕ್ಕೂ ಮೇಷ್ಟ್ರು ಎಣಿಸಿದ್ದಕ್ಕೂ ಅಲ್ಲಿ ತಾಳೆಯಾಗುತ್ತಿತ್ತು. ತಪ್ಪು ದಾರಿಯಲ್ಲಿ ಅವರು ಸರಿಯಾದ ಮನೆಗೆ ಬರುತ್ತಲೇ ಇದ್ದರು.

ನನಗೆ ಗ್ರಹಗಳ ಮೇಲೆ ಯಾವ ನಂಬಿಕೆಯೂ ಇಲ್ಲ. ಕುಜ ಆರರಲ್ಲಿರಲಿ, ಎಂಟರಲ್ಲಿರಲಿ, ಮದ್ದೂರಿನ ಒಂದನೇ ತರಗತಿಯಲ್ಲಿ ಕಳೆಯುವ ಲೆಕ್ಕ ಕಲಿಸುವ ಹೆಣ್ಣಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಆದರೂ ಮೈಸೂರಿನ ಗ್ರಂಥಾಲಯದಲ್ಲಿ ಎರಡು ದಿನ ಕೂತು, ನಾನು ನಂಬದ ಶಾಸ್ತ್ರದ ನಾಲ್ಕು ಪುಸ್ತಕಗಳಿಂದ ಎಣಿಕೆಯ ನಿಯಮವನ್ನು ಬರೆದುಕೊಂಡು ಬಂದೆ. ಸುಳ್ಳೊಂದರ ಒಳಗೆ ನುಗ್ಗಿ, ಅದರ ಲೆಕ್ಕವಾದರೂ ಸರಿಯಿರಲಿ ಎಂದು ಬಡಿದಾಡುವ ದರಿದ್ರ ಕೆಲಸ ಯಾವ ವಿಚಾರವಾದಿಗೂ ಬೇಡ.

ಮದ್ದೂರಿನ ಜೋಯಿಸರೊಬ್ಬರನ್ನು ಕರೆದುಕೊಂಡು ಅಪ್ಪನೂ ನಾನೂ ಸೋಮನಹಳ್ಳಿಗೆ ಹೋದೆವು. ಜೋಯಿಸರು ಕಾಗದ ನೋಡಿ “ಆರು” ಎಂದರು. ಹುಡುಗನ ತಂದೆ ನಕ್ಕರು. “ಹೆಣ್ಣಿನ್ ಕಡೆಯೋರು ಬಸ್‌ಚಾರ್ಜ್ ಕೊಟ್ಟು ಕರ್ಕಂಡ್ ಬಂದ್ ಜೋಯಿಸ್ರು ಇನ್ನೇನ್ ಯೋಳಾರು? ಗಾಲಿ ಮೇಷ್ಟ್ರೇ ಬಂದು ತಪ್ಪಾಯ್ತು ಅನ್ಲಿ, ನಾಳೇನೇ ಒಪ್ತೀನಿ.” ನಾನು ಪುಸ್ತಕದ ಟಿಪ್ಪಣಿ ತೆಗೆದಾಗ, “ನೀನು ದೇವ್ರೇ ಇಲ್ಲ ಅನ್ನೋನು, ನಿನ್ ಮಾತ್ ಕಟ್ಕಂಡು ನಮ್ಮುಡುಗುನ್ನ ಬಾವಿಗ್ ತಳ್ಳಾನಾ?” ಎಂದರು. ಅವರನ್ನು ದೂರುವಂತಿರಲಿಲ್ಲ.

ಮೇಷ್ಟ್ರಲ್ಲಿಗೆ ಹೋದೆ. ಬರುತ್ತೇನೆಂದರು. ಗೆದ್ದೆನೆಂದುಕೊಂಡೆ. ಮುಂದಿನ ಭಾನುವಾರ ಕೋಟು ಹಾಕಿಕೊಂಡು, ಖಾಸಗಿ ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಮದ್ದೂರಿನಲ್ಲಿ ಬಸ್ಸು ಬದಲಿಸಿ, ಸೋಮನಹಳ್ಳಿಯವರೆಗೂ ಬಂದರು. ಹುಡುಗನ ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು, ಎರಡು ಕಾಗದಗಳನ್ನು ಮುಂದೆ ಹರಡಿಕೊಂಡು, ತರಗತಿಯ ದನಿಯಲ್ಲಿ ಹೇಳಿದ್ದೇನು ಗೊತ್ತೆ?

“ಇದರಲ್ಲಿ ಎರಡು ಪದ್ಧತಿ ಇವೆ. ಭಾರತೀಯ ಪದ್ಧತಿಯಲ್ಲಿ ಆರು ಬರುತ್ತೆ. ಪಾಶ್ಚಾತ್ಯ ರೀತಿಯಲ್ಲಿ ಎಂಟು ಬರುತ್ತೆ. ಎರಡೂ ಅವುಗಳ ನೆಲೆಯಲ್ಲಿ ಸರಿ.”

ಹುಡುಗನ ತಂದೆ ಒಂದು ಕ್ಷಣ ಕಾಗದ ನೋಡಿದರು. “ಎರಡೂ ಸರಿ ಅನ್ನೋದಾದ್ರೆ ನಾವು ಕೆಟ್ಟದ್ನೇ ಇಡ್ಕಬೇಕಾಯ್ತದೆ ಅಲ್ವಾ ಮೇಷ್ಟ್ರೇ? ಒಂದು ಔಷ್ದ ಅಂತೀರಿ, ಒಂದು ಇಸ ಅಂತೀರಿ, ಎರಡೂ ಒಂದೇ ಸೀಸೆಲದೆ. ಯಾರ್ ಕುಡುದಾರು?”

ಬಾಗಿಲ ಹತ್ತಿರ ಆ ಹುಡುಗ ನಿಂತಿದ್ದ. ತಂದೆಯ ಮುಖ ನೋಡಿದ, ಮೇಷ್ಟ್ರ ಮುಖ ನೋಡಿದ, ಒಳಗೆ ಹೋದ. ಎದುರು ಮಾತಾಡದ ಅವನಿಗೂ ತಪ್ಪಿನಲ್ಲಿ ಒಂದು ಪಾಲು ಸಲ್ಲಬೇಕು; ಕೊಟ್ಟಿದ್ದೇನೆ.

ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ತಾಳ್ಮೆ ಕೆಟ್ಟಿತು. ಜನರ ಮುಂದೆ ಕೂಗಾಡಿದೆ. ಶಾಲೆಯಲ್ಲಿ ನಾನು ಒಂದು ಹೆಜ್ಜೆ ತಪ್ಪಿದರೆ ಅಂಕ ಕಳೆದವರಿಗೆ ತಮ್ಮ ತಪ್ಪನ್ನು ತಪ್ಪು ಎಂದು ಹೇಳಲು ಇಷ್ಟು ಕಷ್ಟವೇ ಎಂದೆ. ಒಂದು ಹೆಣ್ಣಿನ ಬಾಳಿಗಿಂತ ಇಂಗ್ಲೆಂಡಿನ ಪ್ರಮಾಣಪತ್ರ ದೊಡ್ಡದೇ ಎಂದೆ. ಗಾಲಿ ಮೇಷ್ಟ್ರನ್ನು ಬೈಯುತ್ತಿರುವ ಪಡ್ಡೆ ಯಾರೆಂದು ಜನ ಗುಂಪುಕಟ್ಟಿದರು. ಅವರು ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿಸಿಕೊಂಡರು. ಬಸ್ಸು ಬಂದಾಗ, “ಹತ್ತಯ್ಯಾ. ಮನೆಗೆ ಬಾ. ಒಂದು ಲೆಕ್ಕ ಕೊಡುತ್ತೇನೆ” ಎಂದರು.

ಮನೆಯಲ್ಲಿ ಬೀರು ತೆಗೆದು, ತುಂಬಿದ ಗಾಲಿಯ ಫಾರಮೊಂದನ್ನು ನನ್ನ ಮುಂದಿಟ್ಟರು. ಹೆಸರಿನ ಜಾಗ ಖಾಲಿ. ಅವರ ಎಣಿಕೆಯಲ್ಲಿ ಕುಜ ಆರರಲ್ಲಿದ್ದ.

“ನಿನ್ನ ಪ್ರಕಾರ ಎಣಿಸು.”

ಬಲಕ್ಕೆ ಎಣಿಸಿದೆ. ಎಂಟು.

“ಯಾರದು ಸಾರ್ ಇದು?”

“ಮಂಡ್ಯದಲ್ಲಿದ್ದಾಳೆ” ಎಂದರು. “ಮದುವೆ ಮಾಡಿ ಎರಡು ವರ್ಷ ಆಯ್ತು. ನಾನೇ ಕೂಡಿಸಿದ್ದು. ಅತ್ತೆ ಬಹಳ ಶಾಸ್ತ್ರದವರು. ದಿನಾ ಪಂಚಾಂಗ ನೋಡದೆ ನೀರು ಮುಟ್ಟುವುದಿಲ್ಲ. ನಾನು ಇಷ್ಟು ವರ್ಷ ಎಡಕ್ಕೆ ಎಣಿಸಿದ್ದು ತಪ್ಪು ಅಂತ ಸೋಮನಹಳ್ಳಿಯಲ್ಲಿ ಹೇಳಿದರೆ, ಸಾಯಂಕಾಲದೊಳಗೆ ಮಂಡ್ಯಕ್ಕೆ ಮುಟ್ಟುತ್ತೆ. ಆ ಮನೆಯಲ್ಲಿ ಮಗನಿಗೆ ಒಂದು ಸಲ ಜ್ವರ ಬಂದರೆ ಸಾಕು.”

ಅವರಿಗಿದ್ದದ್ದು ಒಬ್ಬಳೇ ಮಗಳು.

ಈ ವಾದವನ್ನು ನಾನು ಆ ದಿನದಿಂದ ನೂರು ಸಲ ತಿರುಗಿಸಿ ನೋಡಿದ್ದೇನೆ. ಒಬ್ಬ ತಂದೆಯ ಭಯವೆಂದು ನೋಡಿದರೆ ಎದೆ ಮೆತ್ತಗಾಗುತ್ತದೆ. ಒಬ್ಬ ಮೇಷ್ಟ್ರ ನ್ಯಾಯವೆಂದು ನೋಡಿದರೆ ಮೈ ಉರಿಯುತ್ತದೆ. ತನ್ನ ಮಗಳ ಮೇಲೆ ಬೀಳಬೇಕಾಗಿದ್ದ ಅಂಕಿಯನ್ನು ಅವರು ಕಂಡವರ ಮಗಳ ಮೇಲೆ ಇರಗೊಟ್ಟರು. ಮೊದಲು ಬರೆದದ್ದು ತಿಳಿಯದೆ ಮಾಡಿದ ತಪ್ಪು. ಅದಕ್ಕೆ ನನ್ನ ಕ್ಷಮೆಯಿದೆ. ಅವ್ವನ ಮಾತು ಕೇಳಿ ಬೆರಳು ನಿಂತ ಮೇಲೆ ಮಾಡಿದ್ದು ತಿಳಿದು ಮಾಡಿದ್ದು. ಜಗಲಿಗೆ ಬರುವ ಜನರಿಗೆ ಅಂದಿನಿಂದ ಅವರು ಬಾಗಿಲು ತೆರೆಯಲಿಲ್ಲ, ಒಂದು ಫಾರಮನ್ನೂ ಮತ್ತೆ ತುಂಬಲಿಲ್ಲ, ಕೇಳಿದವರಿಗೆ ಕಣ್ಣು ಮಂಜಾಗಿದೆ ಎಂದರು. ಇದನ್ನು ಅವರ ಪ್ರಾಯಶ್ಚಿತ್ತವೆಂದು ಕೆಲವರು ಹೇಳಬಹುದು. ಅಂಗಡಿ ಮುಚ್ಚುವುದು ಪ್ರಾಯಶ್ಚಿತ್ತವಲ್ಲ. ಕೊಟ್ಟ ಕೆಟ್ಟ ಸರಕನ್ನು ವಾಪಸು ತೆಗೆದುಕೊಳ್ಳಬೇಕಿತ್ತು.

ಮನೆಗೆ ಬಂದು ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಮಂಡ್ಯಕ್ಕೆ ಹೋಗಿ ಆ ಅತ್ತೆಯ ಮುಂದೆಯೇ ಬಯಲು ಮಾಡುತ್ತೇನೆಂದೆ. ಅವಳು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದಳು. ಪೆನ್ನು ಕೆಳಗಿಡದೆ ಹೇಳಿದಳು:

“ಬ್ಯಾಡ ಕಣ್ಲಾ. ಆ ಎಂಟು ನನ್ ತಾವೇ ಇರ್ಲಿ ಬುಡು. ಅವಳ್ ಮನೇಗ್ ಯಾಕ್ ಕಳುಸ್ತೀಯ?”

“ಅದು ನಿಂದಲ್ಲ ಅಕ್ಕ!”

“ಅವಳ್ದೂ ಅಲ್ಲ. ನೀನೇ ಯೋಳ್ತೀಯಲ್ಲ, ಎಲ್ಲಾ ಸುಳ್ಳು ಅಂತ? ಸುಳ್ಳು ಯಾರ್ ಮನೇಲಿ ಬಿದ್ದಿದ್ರೇನು?”

ಇದನ್ನು ದೊಡ್ಡ ಗುಣವೆಂದು ಹಾಡಿ ಹೊಗಳುವುದಕ್ಕೆ ನಾನು ಸಿದ್ಧನಿಲ್ಲ. ಒಮ್ಮೆ ತಿದ್ದಿದ್ದ ಪುಟವನ್ನೇ ಅವಳು ಮತ್ತೆ ತಿದ್ದುತ್ತಿದ್ದುದನ್ನು ನಾನು ನೋಡಿದೆ. ನಾನು ಮಂಡ್ಯಕ್ಕೆ ಹೋಗಲಿಲ್ಲ.

ಏಳು ವರ್ಷ ಕಳೆಯಿತು. ತುರ್ತುಪರಿಸ್ಥಿತಿ ಬಂತು, ಹೋಯಿತು. ದೆಹಲಿಯಲ್ಲಿ ಸರ್ಕಾರವೇ ಬದಲಾಯಿತು. ಅಕ್ಕನ ಎಂಟು ಮಾತ್ರ ಆರಾಗಲಿಲ್ಲ. ಮಳವಳ್ಳಿಯಿಂದ ಒಂದು, ಮಂಡ್ಯದ ಕಡೆಯಿಂದ ಎರಡು ಸಂಬಂಧ ಬಂದು, ಯಾರಿಂದಲೋ ಕೇಳಿ, ಸದ್ದಿಲ್ಲದೆ ಹಿಂದೆ ಸರಿದವು. ಮೇಷ್ಟ್ರು ನಿವೃತ್ತರಾದರು. ದಾರಿಯಲ್ಲಿ ಎದುರಾದರೆ ನಾನು ನಿಲ್ಲುತ್ತಿದ್ದೆ, ಅವರೂ ನಿಲ್ಲುತ್ತಿದ್ದರು. “ಸಾರ್, ಆ ಲೆಕ್ಕ?” ಎನ್ನುತ್ತಿದ್ದೆ. “ನೋಡುತ್ತಿದ್ದೇನಯ್ಯಾ” ಎನ್ನುತ್ತಿದ್ದರು. ಪ್ರತಿಸಲವೂ ಇದೇ ಎರಡು ಮಾತು. ಕೊನೆಕೊನೆಗೆ ನನ್ನನ್ನು ಕಂಡು ಅವರು ದಾರಿ ಬದಲಿಸಬಹುದಿತ್ತು. ಬದಲಿಸಲಿಲ್ಲ. ಉತ್ತರವನ್ನೂ ಕೊಡಲಿಲ್ಲ. ಈ ಎರಡನ್ನೂ ಒಟ್ಟಿಗೆ ಮಾಡುವ ಮನುಷ್ಯನನ್ನು ಏನೆಂದು ಕರೆಯಬೇಕು, ನನಗೆ ತಿಳಿದ ಭಾಷೆಯಲ್ಲಿ ಪದವಿಲ್ಲ.

ಮೇಷ್ಟ್ರು ತೀರಿಕೊಂಡು ಅವರ ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಮಂಡ್ಯದ ಮಗಳು ನಮ್ಮ ಮನೆಗೆ ಬಂದರು. ನಾನು ಅವರನ್ನು ಹತ್ತಿರದಿಂದ ಕಂಡದ್ದು ಅದೇ ಮೊದಲು. ಬೀರು ಖಾಲಿ ಮಾಡುವಾಗ ಎರಡು ಫಾರಂಗಳು ಒಂದಕ್ಕೊಂದು ಗುಂಡುಸೂಜಿ ಚುಚ್ಚಿಕೊಂಡು ಸಿಕ್ಕಿದ್ದವಂತೆ. ಒಂದರ ಮೇಲೆ ಅಕ್ಕನ ಹೆಸರು, ಇನ್ನೊಂದರ ಮೇಲೆ ಯಾವ ಹೆಸರೂ ಇಲ್ಲ. ಹಿಂಬದಿಯಲ್ಲಿ ಮೇಷ್ಟ್ರ ದುಂಡಕ್ಷರದಲ್ಲಿ ಎರಡನ್ನೂ ಬಲಕ್ಕೆ ಎಣಿಸಿದ ಲೆಕ್ಕ. ಅಷ್ಟನ್ನು ಮಾತ್ರ ಅವರು ಬರೆದಿಟ್ಟಿದ್ದರು.

“ಅಕ್ಕ, ನಿಮ್ಮದು ಆರು, ನಂದು ಎಂಟು” ಎಂದರು ಆಕೆ, ಕೂರುವ ಮೊದಲೇ. “ನೋಡಿದ ತಕ್ಷಣ ನಮ್ಮತ್ತೆಗೆ ತೋರಿಸಿದೆ.”

ಅಕ್ಕ ಬೆಚ್ಚಿದಳು. “ಏನಂದ್ರು?”

“ಏನಂತಾರೆ? ನಮ್ಮೆಜಮಾನ್ರು ಊಟಕ್ಕೆ ಕೂತಿದ್ರು. ಗುಂಡುಕಲ್ಲಿನ ಹಾಗೆ. ನಮ್ಮತ್ತೆ ಕಾಗದ ನೋಡಿದ್ರು, ಮಗನ್ನ ನೋಡಿದ್ರು. ‘ಒಂಬತ್ತು ವರ್ಷದಲ್ಲಿ ಇವನು ಕರಗಿದ್ದು ಕಾಣೆ. ಎಂಟೂ ಇಲ್ಲ ಗಿಂಟೂ ಇಲ್ಲ. ಡಾಕ್ಟ್ರು ಬಿ.ಪಿ. ಅಂದಿದಾರೆ, ಮೊದಲು ಆ ಉಪ್ಪಿನಕಾಯಿ ಜಾಡಿ ಎತ್ತಿಡು’ ಅಂದ್ರು.”

ಅವ್ವ ಒಳಗಿನಿಂದ ನಕ್ಕದ್ದು ಕೇಳಿಸಿತು. ಅಕ್ಕ ನಗಲಿಲ್ಲ. “ನಿಮ್ಮಪ್ಪಾರು ನಿಮ್ಮನ್ನ ಒಂದ್ ಸಲನಾದ್ರೂ ಕೇಳಿದ್ರಾ?” ಎಂದಳು.

“ಇಲ್ಲ.”

ಅದನ್ನೇ ನಾನು ಹಿಡಿದುಕೊಂಡೆ. ಏಳು ವರ್ಷದ ಸಿಟ್ಟು ಒಮ್ಮೆಲೇ ಬಾಯಿಗೆ ಬಂತು. ಮಗಳನ್ನು ಕಾಪಾಡುತ್ತೇನೆಂದುಕೊಂಡವರು ಮಗಳನ್ನೇ ಕೇಳಲಿಲ್ಲ, ಒಂದು ಮಾತು ಕೇಳಿದ್ದರೆ ಆ ದಿನವೇ ಮುಗಿದುಹೋಗುತ್ತಿತ್ತು, ಇದಕ್ಕೆ ಯಾರು ಹೊಣೆ ಎಂದೆಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡರು.

“ನೀವು ಕೇಳಿದ್ರಾ?” ಎಂದರು ಆಮೇಲೆ. “ನಿಮಗೆ ಗೊತ್ತಿತ್ತಲ್ಲ. ಮಳವಳ್ಳಿಯಿಂದ ಮಂಡ್ಯಕ್ಕೆ ದಿನಾ ಬಸ್ಸಿದೆ. ನಮ್ಮತ್ತೆ ಹತ್ರ ಬೇಡ, ನನ್ನ ಹತ್ರ ಬಂದು ಕೇಳಬಹುದಿತ್ತು. ಅಪ್ಪನ್ನ ದಾರೀಲಿ ನಿಲ್ಲಿಸಿ ಕೇಳೋದು ನಿಮಗೆ ಸುಲಭ ಆಯ್ತು.”

ಅಕ್ಕ ಬೇಡವೆಂದಳೆಂದು ಹೇಳಬಹುದಿತ್ತು. ಅಕ್ಕ ಎದುರಿಗೇ ಇದ್ದಳು, ನಾನು ಹೇಳಲಿಲ್ಲ.

ಇದನ್ನು ಬರೆಯುತ್ತೇನೆ ಎಂದೆ. ಬರೆಯಿರಿ ಎಂದರು. “ಹೆಸರು ಮಾತ್ರ ಹಾಕಬೇಡಿ. ಹೆಸರು ಹಾಕಿದ್ರೆ ಜನ ನಮ್ಮಪ್ಪನ್ನ ಬೈದು ಸುಮ್ಮನಾಗ್ತಾರೆ. ಎಣಿಸೋದನ್ನ ಬಿಡಲ್ಲ.”

ಅವರು ಕಾಫಿ ಕುಡಿದು ಎದ್ದಾಗ ಬಸ್ಸಿನವರೆಗೆ ಅಕ್ಕನೂ ಜೊತೆಗೆ ಹೊರಟಳು. ನಾನು ಚಪ್ಪಲಿ ಮೆಟ್ಟಿದೆ. “ನೀನ್ ಬ್ಯಾಡ” ಎಂದಳು. ಬಸ್‌ಸ್ಟ್ಯಾಂಡ್ ಹತ್ತು ನಿಮಿಷದ ಹಾದಿ. ಅವಳು ವಾಪಸು ಬಂದದ್ದು ಮಧ್ಯಾಹ್ನಕ್ಕೆ. ನೇರವಾಗಿ ಅಡುಗೆಮನೆಗೆ ಹೋಗಿ, ಮುದ್ದೆ ಕಟ್ಟುತ್ತಿದ್ದ ಅವ್ವನ ಮುಂದೆ ಕೂತಳು.

“ಅವ್ವ, ಇನ್‌ಮ್ಯಾಕೆ ಯಾರಾದ್ರೂ ಸಂಬಂಧ ಅಂತ ಬಂದು ಜಾತಕ ಕೇಳುದ್ರೆ, ಆ ಮನೆ ಬ್ಯಾಡ ಅನ್ನು.”

“ಆರು ಅಂತ ಗೊತ್ತಾಯ್ತಲ್ಲವ್ವ, ಇನ್ ತೋರ್ಸುದ್ರೇನು?”

“ಆರಾದ್ರೂ ತೋರ್ಸಲ್ಲ.”

“ಹಂಗಂದ್ರೆ ಯಾವ್ ಮನೇನೂ ಸಿಕ್ಕಲ್ಲ ಕಣಮ್ಮಿ.”

“ಕೇಳ್ದೇ ಇರೋ ಮನೆ ಒಂದಾದ್ರೂ ಇರ್ತದೆ. ಇಲ್ದಿದ್ರೆ ಬುಡು” ಎಂದು ಅಕ್ಕ ತಟ್ಟೆ ಮುಂದಕ್ಕೆಳೆದುಕೊಂಡಳು.